ಲಿಂಗಪೂಜೆಗೆ ಕುಳಿತ ಕಂಪ್ಯೂಟರ್

ನಮ್ಮ ಮನೆಗೆ ಬಂದ ಮೊದಲ ಕಂಪ್ಯೂಟರಿಗೆ ಆಫ್ ಆಗುವುದೆಂದರೆ ಒಂದು ದೊಡ್ಡ ಕಾರ್ಯಕ್ರಮ. ಆನ್ ಆಗಲು ತಡ ಮಾಡಿದರೆ ಹೋಗಲಿ ಪಾಪ, ಈಗಷ್ಟೇ ಎದ್ದಿದೆ ಅನ್ನಬಹುದು. ಕೆಲಸ ಮುಗಿಯಿತು, ಇನ್ನು ಮಲಗಪ್ಪಾ ಎಂದರೂ ಮಲಗದ ಯಂತ್ರವನ್ನು ಏನು ಮಾಡುವುದು? ಪರದೆಯ ನಡುವೆ ಚುಕ್ಕೆಗಳು ಸುತ್ತುತ್ತಲೇ ಇರುತ್ತಿದ್ದವು. ಮೇಜಿನ ಕೆಳಗಿನ ಡಬ್ಬಿ ಕರಕರ ಎಂದು ಏನನ್ನೋ ಅಗಿಯುತ್ತಿತ್ತು. ನಾನು ಹೆಗಲಿಗೆ ಬ್ಯಾಗು ಹಾಕಿಕೊಂಡು, ಬಸ್ಸು ತಪ್ಪಿತಲ್ಲಪ್ಪಾ ಎಂದು ಮೈ ಪರಚಿಕೊಳ್ಳುತ್ತ ಅದರ ಮುಂದೆ ನಿಂತಿರುತ್ತಿದ್ದೆ.

ಆಗ ನಾನು ದಾವಣಗೆರೆ ವಿದ್ಯಾನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹಾಸ್ಟೆಲ್ ಹುಡುಗ ಹುಡುಗಿಯರ ಪ್ರಾಜೆಕ್ಟ್ ವರದಿಗಳನ್ನು ಟೈಪ್ ಮಾಡಿಕೊಡುತ್ತಿದ್ದೆ. ವಾರಕ್ಕೊಮ್ಮೆ ಕೆಲಸ ಮುಗಿಸಿ ಹರಿಹರದ ತವರಿಗೆ ಓಡುತ್ತಿದ್ದೆ. ಆ ಕೋಣೆಯಲ್ಲಿ ನನ್ನ ಜೊತೆಗೆ ಇನ್ನೊಬ್ಬರಿರುತ್ತಿದ್ದರು, ನಮ್ಮ ಅತ್ತೆ. ಕಿಟಕಿಯ ಪಕ್ಕದ ಮಂಚದ ಮೇಲೆ ಕಾಲು ಮಡಚಿ ಕೂತು, ಮಡಿಲಲ್ಲಿ ಮೊರ ಇಟ್ಟುಕೊಂಡು ಅಕ್ಕಿಯನ್ನೋ ಬೇಳೆಯನ್ನೋ ಆರಿಸುತ್ತ, ಬಂದ ಹುಡುಗರಿಗೆಲ್ಲ "ಯಾವೂರು? ಊಟಾತೇನು?" ಎಂದು ವಿಚಾರಿಸುತ್ತ ಇರುತ್ತಿದ್ದರು. ಹುಡುಗರು ಟೈಪಿಂಗಿಗೆ ನನ್ನ ಹತ್ತಿರ ಬರುತ್ತಿದ್ದರೋ, ಮಂಡಕ್ಕಿ ತಿನ್ನಲು ಅವರ ಹತ್ತಿರ ಬರುತ್ತಿದ್ದರೋ, ಈಗ ಹೇಳುವುದು ಕಷ್ಟ.

ನನ್ನ ಅವಸರಕ್ಕೆ ಕಾರಣವಿದೆ. ನಾನು ಬೆಳೆದದ್ದು ಕಾರ್ಖಾನೆಯ ಸೈರನ್ ಕೇಳಿಕೊಂಡು. ಅಪ್ಪ ಫಿಟ್ಟರ್. ಸೈರನ್ ಕೂಗಿತೆಂದರೆ ತಟ್ಟೆಯಲ್ಲೇ ಕೈತೊಳೆದು ಸೈಕಲ್ ಹತ್ತುತ್ತಿದ್ದ. "ಬರ್ತೀನಿ" ಎಂಬ ಮಾತು ಅವನು ತಿರುವು ದಾಟಿದ ಮೇಲೆ ನಮಗೆ ಕೇಳಿಸುತ್ತಿತ್ತು. ನಮ್ಮ ಮನೆಯಲ್ಲಿ ಏಳುವುದು, ಉಣ್ಣುವುದು, ಹೊರಡುವುದು ಎಲ್ಲ ಹಾಗೆಯೇ, ಚಕ್ ಅಂತ. ಆ ಸೈರನ್ ನಿಂತು ಎಷ್ಟೋ ವರ್ಷವಾಯಿತು, ನನ್ನ ತಲೆಯೊಳಗೆ ಮಾತ್ರ ಅದು ಇವತ್ತಿಗೂ ಕೂಗುತ್ತದೆ.

ಅಂಥವಳು ಮದುವೆಯಾಗಿ ದಾವಣಗೆರೆಗೆ ಬಂದರೆ, ಅಯ್ಯೋ ಶಿವನೇ! ಇಲ್ಲಿ ಯಾರೂ ಹೊರಡುವುದೇ ಇಲ್ಲ. ಬಂದ ನೆಂಟರು ನಡುಮನೆಯಲ್ಲಿ ಎದ್ದು ನಿಂತು "ಬರ್ತೀವ್ರಿ" ಅನ್ನುತ್ತಾರೆ. "ಆತ್ರಿ, ಕುಂಕುಮ ತಗೊಂಡು ಹೋಗ್ರಿ" ಎಂದು ಅತ್ತೆ ಒಳಗೆ ಹೋಗುತ್ತಾರೆ. ಕುಂಕುಮ ಹಚ್ಚಿಸಿಕೊಳ್ಳುವಾಗ ಯಾರದೋ ಬಾಣಂತನದ ಸುದ್ದಿ ನೆನಪಾಗುತ್ತದೆ, ಮತ್ತೆ ಕೂರುತ್ತಾರೆ. ಹೊಸ್ತಿಲಲ್ಲಿ ಒಂದು ಸಲ "ಬರ್ತೀವ್ರಿ". ಗೇಟಿನ ಹತ್ತಿರ ಇನ್ನೊಂದು ಸಲ. ಸ್ಕೂಟರ್ ಸ್ಟಾರ್ಟ್ ಆಗಿ, ಹಿಂದೆ ಕೂತವರು ಕಾಲು ಕೆಳಗಿಟ್ಟು ನಿಲ್ಲಿಸಿ, ಮರೆತಿದ್ದ ಮುಖ್ಯ ವಿಷಯವನ್ನು ಆಗ ಹೇಳುತ್ತಾರೆ. ನಾನು ಬಾಗಿಲು ಹಿಡಿದು ನಿಂತು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ. ಬರುವಾಗ ಇಲ್ಲದ ಮಾತು ಹೊರಡುವಾಗ ಎಲ್ಲಿಂದ ಉಕ್ಕುತ್ತದೆ ಮಾರಾಯರೇ ಎಂದು ಮನೆಯವರನ್ನು ಕೇಳಿದರೆ ಅವರು ಸುಮ್ಮನೆ ನಗುತ್ತಿದ್ದರು.

ಒಂದು ದಿನ ಕಂಪ್ಯೂಟರ್ ಎಂದಿನಂತೆ ಸತಾಯಿಸುತ್ತಿತ್ತು. ಏನೋ ಅಪ್‌ಡೇಟ್ ಅಂತೆ, ಆಫ್ ಮಾಡಬೇಡಿ ಅಂತೆ. "ನಿನ್ನ ಅಪ್‌ಡೇಟಿಗೆ ಬೆಂಕಿ ಬೀಳ" ಎಂದವಳೇ ಡಬ್ಬಿಯ ಗುಂಡಿಯನ್ನು ಒತ್ತಿ ಹಿಡಿಯಲು ಬಗ್ಗಿದೆ. ಅತ್ತೆ ಮೊರ ಬದಿಗಿಟ್ಟು, "ಏ ಯವ್ವಾ, ಏನ್ ಮಾಡಾಕತ್ತೀ?" ಎಂದರು.

"ಅತ್ತೀ, ಇದು ಆಫ್ ಆಗವಲ್ದು. ಬಸ್ ಹೋಗ್ತೈತೆ ನಂಗೆ."

"ಕಣ್ಣು ಮುಚ್ಚಿ ಗುರುಗುಡ್ತೈತೆ, ಕಾಣವಲ್ದೇನು? ಪೂಜಿಗೆ ಕುಂತೋರ್ನ ಕೈ ಹಿಡಿದು ಎಳೀತಾರೇನೇ? ಮುಗಿದ ಮ್ಯಾಲೆ ತಾನೇ ಏಳ್ತೈತೆ ಬಿಡು."

ಅವರು ತಮಾಷೆ ಮಾಡುತ್ತಿದ್ದಾರೆಂದುಕೊಂಡೆ. ಇಲ್ಲ, ಮುಖ ಗಂಭೀರವಾಗಿಯೇ ಇತ್ತು. ನಮ್ಮ ಮನೆಯಲ್ಲಿ ಲಿಂಗಪೂಜೆಗೆ ಕೂತವರನ್ನು ಕರೆಯುವಂತಿಲ್ಲ, ಮಾತಾಡಿಸುವಂತಿಲ್ಲ. ಅತ್ತೆ ದಿನವೂ ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತರೆ ಒಲೆಯ ಮೇಲೆ ಹಾಲು ಉಕ್ಕಿದರೂ ಏಳುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ನನ್ನ ಕಂಪ್ಯೂಟರೂ ದಿನದ ಕೊನೆಗೆ ಅದನ್ನೇ ಮಾಡುತ್ತಿತ್ತು. ಅವತ್ತಿನಿಂದ ಅದೊಂದು ಮನೆಯ ಪದ್ಧತಿಯಾಗಿ ಹೋಯಿತು. ಚುಕ್ಕೆಗಳು ಸುತ್ತಲು ಶುರುವಾದರೆ ಅತ್ತೆ ಅಂಗೈ ಎತ್ತಿ ತಡೆ ಎಂದು ಸನ್ನೆ ಮಾಡುತ್ತಿದ್ದರು. ಹುಡುಗರು ಜೋರಾಗಿ ಮಾತಾಡಿದರೆ, "ಸಣ್ಣಗ್ ಮಾತಾಡ್ರಪ್ಪ, ಪೂಜಿಗೆ ಕುಂತೈತೆ" ಎನ್ನುತ್ತಿದ್ದರು. ಇಂಜಿನಿಯರಿಂಗ್ ಓದುವ ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ನನಗೂ ಬೇರೆ ದಾರಿ ಇರಲಿಲ್ಲ, ಬ್ಯಾಗು ಕೆಳಗಿಟ್ಟು ಮಂಚದ ತುದಿಯಲ್ಲಿ ಕೂರುತ್ತಿದ್ದೆ. ಹಾಗೆ ಕೂತಾಗಲೇ ನಾವಿಬ್ಬರೂ ಮಾತಾಡಿದ್ದು. ಅಡುಗೆಮನೆಯಲ್ಲಿ ನಮ್ಮಿಬ್ಬರಿಗೆ ಅಷ್ಟಕ್ಕಷ್ಟೇ ಇತ್ತು, ಉಪ್ಪಿನ ವಿಷಯಕ್ಕೂ ಜಟಾಪಟಿ. ಆ ಮಂಚದ ತುದಿಯಲ್ಲಿ ಮಾತ್ರ ನಾವು ಗೆಳತಿಯರು.

ಅದು ಯಾಕೆ ಅಷ್ಟು ತಡ ಮಾಡುತ್ತದೆ ಎಂಬುದನ್ನು ನಾನು ಆಮೇಲೆ ತಿಳಿದುಕೊಂಡೆ. ಒಳಗೆ ನಮ್ಮ ಕಣ್ಣಿಗೆ ಕಾಣದ ಎಷ್ಟೋ ಕೆಲಸಗಳು ನಡೆಯುತ್ತಿರುತ್ತವೆ. ಹೊರಡು ಎಂದ ಕೂಡಲೇ ಕಂಪ್ಯೂಟರ್ ಅವುಗಳಲ್ಲಿ ಒಂದೊಂದರ ಹತ್ತಿರವೂ ಹೋಗಿ, ನಾವಿನ್ನು ಹೊರಟೆವು, ನಿನ್ನದೇನಾದರೂ ಎತ್ತಿಡುವುದು ಇದ್ದರೆ ಎತ್ತಿಡು ಎಂದು ಹೇಳಬೇಕು. ನೆನಪಿನಲ್ಲಷ್ಟೇ ಇದ್ದದ್ದನ್ನು ಅವು ಡಿಸ್ಕಿಗೆ ಬರೆದಿಡಬೇಕು. ಯಾವುದಾದರೂ ಒಂದು ಸಿದ್ಧವಾಗದಿದ್ದರೆ ಅದಕ್ಕೂ ಕಾಯಬೇಕು. ನಾನು ಇದನ್ನೇ ಅತ್ತೆಗೆ ನಮ್ಮ ಮಾತಿನಲ್ಲಿ ಹೇಳಿದೆ. "ಪೂಜಿ ಅಲ್ರೀ ಅತ್ತೀ, ಒಳಗಿರೋರಿಗೆಲ್ಲ ಒಬ್ಬೊಬ್ಬರಿಗೂ ಹೋಗ್ಬರ್ತೀನಿ ಅಂತ ಹೇಳ್ತೈತೆ."

ಅತ್ತೆ ಕೈಯಲ್ಲಿದ್ದ ಬೇಳೆಯನ್ನು ಮೊರಕ್ಕೆ ಬಿಟ್ಟು ನನ್ನನ್ನೇ ನೋಡಿದರು. "ಹಂಗಾರೆ ಇದು ನಮ್ಮ ಒಪ್ಪಿಸೋ ಹಾಡಿನಂಗೇ ಐತಲ್ಲೇ" ಎಂದರು.

ಆ ಹಾಡಿನ ಬಗ್ಗೆ ಹೇಳಬೇಕು. ಅತ್ತೆಯ ತವರು ಆವರಗೆರೆ, ಅದು ದಾವಣಗೆರೆಯೊಳಗೆ ಸೇರದೆ ಇನ್ನೂ ಹಳ್ಳಿಯಾಗಿದ್ದ ಕಾಲದ ಆವರಗೆರೆ. ಅಲ್ಲಿ ಅವರು ತಮ್ಮ ಅವ್ವನಿಂದ ಕಲಿತ ಹಾಡದು, ಮದುವೆಯ ಕೊನೆಗೆ ಹೆಣ್ಣು ಒಪ್ಪಿಸುವಾಗ ಹಾಡುವಂಥದ್ದು. ಮದುಮಗಳು ಗಂಡನ ಮನೆಗೆ ಹೊರಟಿದ್ದಾಳೆ, ಆದರೆ ಹೊರಡುತ್ತಿಲ್ಲ. ಮೊದಲು ಒಲೆಯ ಹತ್ತಿರ ಹೋಗಿ ಹೇಳುತ್ತಾಳೆ. ಆಮೇಲೆ ಬೀಸುವ ಕಲ್ಲಿಗೆ, ಕೊಟ್ಟಿಗೆಯ ಎಮ್ಮೆಗೆ, ಹಿತ್ತಲಿನ ಅವರೆ ಬಳ್ಳಿಗೆ, ನೀರಿನ ಕೊಡಕ್ಕೆ. ಒಂದೊಂದೂ ಅವಳನ್ನು ನಿಲ್ಲಿಸಿಕೊಂಡು, ನೀನು ಇಂಥದ್ದನ್ನು ಮರೆತೆ, ತಗೊಂಡು ಹೋಗು ಎನ್ನುತ್ತದೆ. ಕಟ್ಟಕಡೆಗೆ ಹೊಸ್ತಿಲು. ಹೊಸ್ತಿಲು ಏನೂ ಹೇಳುವುದಿಲ್ಲ, ಅಲ್ಲಿಗೆ ಹಾಡು ಮುಗಿಯುತ್ತದೆ. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳನ್ನು ಅತ್ತೆ ಈ ಹಾಡು ಹೇಳಿ ಅಳಿಸಿ ಕಳಿಸಿದ್ದಾರೆ. ನನ್ನ ಮದುವೆಯಲ್ಲಿ ಅವರು ಗಂಡಿನ ಕಡೆಯವರು, ಹಾಗಾಗಿ ನನಗೆ ಆ ಭಾಗ್ಯ ಸಿಗಲಿಲ್ಲ. ಬೇರೆಯವರ ಮದುವೆಗಳಲ್ಲಿ ಕೇಳುವಾಗ, ಎಮ್ಮೆಯ ಹತ್ತಿರ ಬರುವಷ್ಟರಲ್ಲೇ ನಾನು ಗಡಿಯಾರ ನೋಡುತ್ತಿದ್ದೆ.

ಆಮೇಲೆ ಅತ್ತೆಯ ದನಿ ಗೊಗ್ಗರಾಯಿತು. ನೆಗಡಿ ಅಂದುಕೊಂಡೆವು, ಶುಂಠಿ ಕಷಾಯ ಕುಡಿಸಿದೆವು. ಹೋಗಲಿಲ್ಲ. ಕೊನೆಗೆ ಡಾಕ್ಟರು ಗಂಟಲಲ್ಲಿ ಗಂಟಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವಕ್ಕೆ ಅಪಾಯವಿಲ್ಲ, ಆದರೆ ಇನ್ನು ಮಾತು ಬರುವುದಿಲ್ಲ ಎಂದರು. ನಮ್ಮ ಮನೆಯವರು ಆಸ್ಪತ್ರೆಯ ಹೊರಗೆ ಬಂದು ಸ್ಕೂಟರಿಗೆ ಒರಗಿಕೊಂಡು ಚಿಕ್ಕ ಹುಡುಗನ ಹಾಗೆ ಅತ್ತುಬಿಟ್ಟರು. ಅತ್ತೆ ಅಳಲಿಲ್ಲ. ಮನೆಗೆ ಬಂದು ಮಂಚದ ಮೇಲೆ ಕೂತು, ನೀರು ಕುಡಿದು, ನನ್ನನ್ನು ಹತ್ತಿರ ಕರೆದರು.

"ಗಂಟಲು ಹೋದ್ರೆ ಹೋಗ್ಲಿ. ನನ್ನ ಮೊಮ್ಮಗಳನ್ನ ಒಪ್ಪಿಸುವಾಗ ಹಾಡು ಯಾರು ಹೇಳ್ತಾರೆ?"

ನನ್ನ ಮಗಳು ಆಗಿನ್ನೂ ಕಾಲೇಜಿನಲ್ಲಿದ್ದಳು, ಮದುವೆಯ ಮಾತೇ ಇರಲಿಲ್ಲ. ಆದರೂ ಅವರಿಗೆ ಅದೊಂದೇ ಚಿಂತೆ. ಊರವರ ಮಕ್ಕಳನ್ನೆಲ್ಲ ಹಾಡಿ ಕಳಿಸಿ, ತಾವು ಎತ್ತಿ ಆಡಿಸಿದ ಕೂಸನ್ನು ಹಾಗೇ ಮೂಕವಾಗಿ ಕಳಿಸುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. ಆ ಹಾಡು ಬಲ್ಲವರು ಮತ್ಯಾರೂ ಉಳಿದಿರಲಿಲ್ಲ. ನಾನು ಕಲಿಯಲು ಹೋದರೆ ಹಿತ್ತಲಿನ ಬೆಕ್ಕು ಗಾಬರಿಯಾಗಿ ಓಡಿತು. "ನಿನ್ನ ಕೈಲಿ ಆಗಲ್ಲ ಬಿಡವ್ವ, ಪಾಪ" ಎಂದು ಅತ್ತೆಯೇ ಕೈಬಿಟ್ಟರು. ಆಗ ನನಗೆ ಹೊಳೆದದ್ದು ಕಂಪ್ಯೂಟರಿಗೆ ಹಾಡಿಸುವ ಉಪಾಯ.

ಆಸ್ಪತ್ರೆಗೆ ಸೇರಬೇಕಾದ ದಿನವೇ ಅದಕ್ಕೆ ಕೂಡಿ ಬಂತು. ಹಾಸ್ಟೆಲ್ ಹುಡುಗಿಯೊಬ್ಬಳು ಮೈಕು ಕೊಟ್ಟಳು. ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ, ರೆಕಾರ್ಡಿಂಗ್ ಶುರು ಮಾಡಿ, "ಹ್ಞೂಂ ಹೇಳ್ರಿ ಅತ್ತೀ" ಎಂದೆ. ಅವರು ಬಾಯಿ ತೆರೆಯಲಿಲ್ಲ. ಮದುಮಗಳಿಲ್ಲದೆ ಈ ಹಾಡು ಹೇಳುವಂತಿಲ್ಲವಂತೆ, ಮನೆಗೆ ಒಳ್ಳೆಯದಲ್ಲವಂತೆ! ಕೊನೆಗೆ ಪರೀಕ್ಷೆಗೆ ಓದುತ್ತಿದ್ದ ಮಗಳನ್ನು ಎಳೆದು ತಂದು, ಚೂಡಿದಾರದ ಮೇಲೆಯೇ ಅತ್ತೆಯ ಹಸಿರು ಸೀರೆಯೊಂದನ್ನು ಹೊದಿಸಿ, ಹಣೆಗೆ ಕುಂಕುಮವಿಟ್ಟು ಎದುರಿಗೆ ಕೂರಿಸಿದೆ. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಅತ್ತೆ ಸೆರಗು ಸರಿಮಾಡಿಕೊಂಡು, ಮೊಮ್ಮಗಳ ಗಲ್ಲ ಹಿಡಿದು, ಆ ಒಡೆದ ದನಿಯಲ್ಲಿ ಒಲೆಯಿಂದ ಶುರು ಮಾಡಿದರು. ಬೀಸುವ ಕಲ್ಲಿಗೆ ಬರುವಷ್ಟರಲ್ಲಿ ಹುಡುಗಿಯ ನಗು ನಿಂತಿತು. ಅವರೆ ಬಳ್ಳಿಯ ಹತ್ತಿರ ಅವಳು ಅಜ್ಜಿಯ ಮೊಣಕಾಲಿಗೆ ಮುಖ ಒತ್ತಿಕೊಂಡಳು. ನಾನು ಅವತ್ತು ಗಡಿಯಾರ ನೋಡಲಿಲ್ಲ. ಎಷ್ಟು ಉದ್ದವಿದೆಯೋ ಅಷ್ಟೂ ಸಾಲದು ಅನ್ನಿಸಿತು.

ಹೊಸ್ತಿಲಿಗೆ ಬಂದು ಹಾಡು ಮುಗಿಯಿತು, ಮಗಳು ಮುಖ ತೊಳೆಯಲು ಒಳಗೆ ಓಡಿದಳು, ಅಷ್ಟರಲ್ಲಿ ಕರೆಂಟು ಹೋಯಿತು. ಮೇಜಿನ ಕೆಳಗಿನ ಯುಪಿಎಸ್ ಕುಂಯ್ ಕುಂಯ್ ಎನ್ನತೊಡಗಿತು. ಅದರ ಬ್ಯಾಟರಿ ಮುದುಕ, ತುಸು ಹೊತ್ತಷ್ಟೇ ತಡೆಯುವಂಥದ್ದು. ಹೊರಗೆ ಆಟೋ ತಂದು ನಿಲ್ಲಿಸಿದ್ದ ನಮ್ಮ ಮನೆಯವರು ಹಾರ್ನ್ ಮೇಲೆ ಹಾರ್ನ್ ಹೊಡೆಸುತ್ತಿದ್ದರು. ನನ್ನ ತಲೆಯೊಳಗಿನ ಸೈರನ್ ಕೂಗಿತು. ಹಿಂದೆ ಮುಂದೆ ನೋಡದೆ ಕಂಪ್ಯೂಟರಿಗೆ ಹೊರಡು ಎಂದು ಹೇಳಿಬಿಟ್ಟೆ. ಅದು ಹೊರಡಲಿಲ್ಲ. ನೀಲಿ ಪರದೆಯ ಮೇಲೆ ಏನೋ ಬರೆದುಕೊಂಡು ಸುಮ್ಮನೆ ನಿಂತಿತು. ಕುಂಯ್ ಕುಂಯ್ ಜೋರಾಯಿತು. ನನಗೆ ತಲೆ ಕೆಟ್ಟು ಹೋಗಿ ಗುಂಡಿಗೆ ಕೈ ಹಾಕಿದೆ.

ಅತ್ತೆ ಮಂಚದಿಂದ ಬಗ್ಗಿ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. ಏನೋ ಬೈದರು ಕೂಡ. ಆ ಹಾರ್ನಿನ ಗದ್ದಲದಲ್ಲಿ, ನನ್ನ ಸಿಟ್ಟಿನಲ್ಲಿ, ಏನಂದರೆಂದು ಕಿವಿಗೆ ಬೀಳಲಿಲ್ಲ. ಕೈ ಕೊಸರಿಕೊಳ್ಳುತ್ತ ಪರದೆಯ ಕಡೆ ತಿರುಗಿದವಳಿಗೆ ಅಲ್ಲಿ ಬರೆದದ್ದು ಆಗ ಕಂಡಿತು. ರೆಕಾರ್ಡಿಂಗ್ ಇನ್ನೂ ನಡೆಯುತ್ತಿದೆ, ಅದನ್ನು ಬಿಟ್ಟು ಹೊರಡಲೇ ಎಂದು ಅದು ಕೇಳುತ್ತಿತ್ತು. ಹಾಡನ್ನು ನಾನು ನಿಲ್ಲಿಸಿಯೂ ಇರಲಿಲ್ಲ, ಉಳಿಸಿಯೂ ಇರಲಿಲ್ಲ. ಇನ್ನೊಂದು ಕೈಯಲ್ಲಿ ಬೇಡ, ಬೇಡ ಎಂದು ಒತ್ತಿ ಹಿಂದಕ್ಕೆ ಬಂದು, ರೆಕಾರ್ಡಿಂಗ್ ನಿಲ್ಲಿಸಿ, ಹಾಡನ್ನು ಉಳಿಸಿದೆ. ಆಮೇಲೆ ಮತ್ತೆ ಹೊರಡು ಎಂದೆ. ಈ ಸಲ ಚುಕ್ಕೆಗಳು ಸುತ್ತಿದವು. ಅತ್ತೆ ನನ್ನ ಮಣಿಕಟ್ಟು ಬಿಡಲಿಲ್ಲ. ಪರದೆ ತಾನಾಗಿ ಕಪ್ಪಾದ ಸ್ವಲ್ಪದರಲ್ಲೇ ಯುಪಿಎಸ್ ಪ್ರಾಣ ಬಿಟ್ಟಿತು. ಅತ್ತೆ ಲೋಟದಲ್ಲಿ ಉಳಿದಿದ್ದ ನೀರು ಕುಡಿದು, ನನ್ನ ಭುಜ ಹಿಡಿದು ಎದ್ದು, ಒಲೆಯ ಕಡೆ, ದೇವರ ಮಾಡದ ಕಡೆ ಒಂದೊಂದು ಸಲ ನೋಡಿ ಆಟೋ ಹತ್ತಿದರು.

ಅತ್ತೆ ಮನೆಗೆ ವಾಪಸು ಬಂದರು, ದನಿ ಬರಲಿಲ್ಲ. ಮೊದಲ ತಿಂಗಳುಗಳಲ್ಲಿ ಮನೆ ಬಿಕೋ ಅನ್ನುತ್ತಿತ್ತು. ಉಪ್ಪು ಜಾಸ್ತಿಯಾದರೆ ಬೈಯುವವರಿಲ್ಲ ಎಂದು ನನಗೆ ಅಡುಗೆಮನೆಯಲ್ಲಿ ಅಳು ಬರುತ್ತಿತ್ತು, ಯಾರಿಗಾದರೂ ಹೇಳಿದರೆ ನಗುತ್ತಾರೆ. ಅಂಗೈ ಸನ್ನೆಯೊಂದು ಮಾತ್ರ ಹಾಗೇ ಉಳಿಯಿತು. ಯಾವಾಗಲಾದರೂ ನಾವು ಆ ಹಾಡು ಹಾಕಿ ಕೇಳುತ್ತಿದ್ದೆವು. ಹೊಸ್ತಿಲು ಬಂದು ಹಾಡು ಮುಗಿದ ಕೂಡಲೇ ಮನೆಯವರೋ ಮಗಳೋ ಪಟ್ಟನೆ ನಿಲ್ಲಿಸಿಬಿಡುತ್ತಿದ್ದರು. ಅದರ ಮುಂದಿನ ಮೌನವನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಳೆಯ ಕಂಪ್ಯೂಟರ್ ಹೋಯಿತು, ಹಾಡು ಮಗಳ ಲ್ಯಾಪ್‌ಟಾಪಿಗೆ ಬಂತು. ಈಗಿನ ಯಂತ್ರಗಳಿಗೆ ಪೂಜೆಯೂ ಇಲ್ಲ ಗೀಜೆಯೂ ಇಲ್ಲ. ಆಫ್ ಅನ್ನುವುದರೊಳಗೆ ಆಫ್. ಅತ್ತೆ ಅಂಗೈ ಎತ್ತುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು, ಎತ್ತಿದ ಕೈಯನ್ನು ಅವರು ಮೆಲ್ಲಗೆ ಮಡಿಲಿಗೆ ಇಳಿಸಿಕೊಳ್ಳುತ್ತಿದ್ದರು.

ಹೋದ ವರ್ಷ ಮಗಳ ಮದುವೆಯಾಯಿತು. ಗಂಡು ಹರಿಹರದವನು, ಮದುವೆಯೂ ಅಲ್ಲಿಯೇ ಒಂದು ಕಲ್ಯಾಣ ಮಂಟಪದಲ್ಲಿ. ಹೆಣ್ಣು ಒಪ್ಪಿಸುವ ಹೊತ್ತಿಗೆ ಎಲ್ಲರಿಗೂ ಅವಸರ. ಮುಂದಿನ ಮದುವೆಯವರು ಹೂವಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಮ್ಯಾನೇಜರು ಕುರ್ಚಿ ಮಡಚಿಸುತ್ತಿದ್ದಾನೆ. ಗಂಡಿನ ದೊಡ್ಡಪ್ಪ ಕೈಗಡಿಯಾರ ನೋಡುತ್ತ, "ರಾಹುಕಾಲ ಬರ್ತೈತ್ರಿ, ಜಲ್ದಿ ಕಾರು ಹತ್ತಿಸ್ರಿ" ಎಂದು ಓಡಾಡುತ್ತಿದ್ದಾರೆ. ಲ್ಯಾಪ್‌ಟಾಪನ್ನು ಮೈಕ್ ಸೆಟ್ಟಿಗೆ ಸಿಕ್ಕಿಸುತ್ತಿದ್ದ ನಮ್ಮ ಮನೆಯವರನ್ನು ಅವರು ಕೇಳಿದರು, "ಹಾಡು ಭಾಳ ಉದ್ದ ಐತಂತಲ್ಲ, ಕೊನೀದೊಂದು ಸ್ವಲ್ಪ ಹಾಕಿದ್ರೆ ನಡೆಯಲ್ವೇನ್ರಿ?" ನನ್ನ ಮೂಗಿನ ತುದಿಗೆ ಬಂದ ಕೋಪವನ್ನು ಬೀಗರೆಂದು ನುಂಗಿಕೊಂಡೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅತ್ತೆ ಅಂಗೈ ಎತ್ತಿದರು. ದೊಡ್ಡಪ್ಪನಿಗೆ ಅರ್ಥವಾಗಲಿಲ್ಲ, ಆದರೆ ಹಿರಿಯರ ಕೈ ನೋಡಿ ಸುಮ್ಮನಾದರು.

ಹಾಡು ಶುರುವಾಯಿತು. ಆ ಗೊಗ್ಗರು ದನಿ ಮಂಟಪದ ಮೂಲೆ ಮೂಲೆಗೂ ಹೋಯಿತು. ಮಗಳು ಅದೇ ಹಸಿರು ಸೀರೆ ಉಟ್ಟು ಅಜ್ಜಿಯ ಮುಂದೆ ಕೂತಿದ್ದಳು. ಅತ್ತೆ ಅವಳ ಗಲ್ಲ ಹಿಡಿದುಕೊಂಡು, ಒಲೆಗೆ, ಬೀಸುವ ಕಲ್ಲಿಗೆ, ಎಮ್ಮೆಗೆ, ಒಂದಕ್ಷರ ಬಿಡದೆ ಬರೀ ತುಟಿ ಆಡಿಸುತ್ತಿದ್ದರು. ತುಟಿಯೂ ಹಾಡೂ ಒಂದಿಷ್ಟೂ ಹಿಂದೆ ಮುಂದೆ ಆಗಲಿಲ್ಲ. ಪಾತ್ರೆ ತೊಳೆಯುವವರೂ ಒದ್ದೆ ಕೈಯಲ್ಲೇ ಬಂದು ನಿಂತಿದ್ದರು. ಹೊಸ್ತಿಲು ಬಂತು, ಹಾಡು ಮುಗಿಯಿತು. ಅದನ್ನು ನಿಲ್ಲಿಸಬೇಕಾದ ನಮ್ಮ ಮನೆಯವರು ಕಂಬದ ಹಿಂದೆ ಮುಖ ಮುಚ್ಚಿಕೊಂಡು ನಿಂತುಬಿಟ್ಟಿದ್ದರು.

ಹಾಗಾಗಿ ಅದು ಮುಂದುವರಿಯಿತು. ಒಂದು ಕ್ಷಣ ಮೌನ. ಆಮೇಲೆ ಮಂಟಪದ ತುಂಬ ಕುಂಯ್ ಕುಂಯ್. ಅದರ ಹಿಂದೆಯೇ ಪಾಂ ಪಾಂ ಎಂದು ಆಟೋ ಹಾರ್ನು. "ಕಾರು ಕರೀತೈತೆ ಏಳ್ರಿ, ಏಳ್ರಿ" ಎಂದು ದೊಡ್ಡಪ್ಪ ಎದ್ದರು. ಆಗ ಕೇಳಿಸಿತು. ಹಾಡಲ್ಲ, ಮಾತು. ನಮ್ಮತ್ತೆ ದಿನವೂ ಆಡುತ್ತಿದ್ದಂಥ, ನಾವು ವರ್ಷಗಟ್ಟಲೆ ಕೇಳದ ಮಾತು.

"ತೆಗೀ ಕೈ! ಯಾಕ ಅಷ್ಟು ಅವಸರ ನಿಂಗೆ? ಎಲ್ಲರಿಗೂ ಹೇಳಿ ಬರ್ಲಿ, ತಾಳು."

ನನ್ನ ಮಣಿಕಟ್ಟು ಜುಂ ಎಂದಿತು. ಅವತ್ತು ಹಾರ್ನಿನ ಗದ್ದಲದಲ್ಲಿ ನನ್ನ ಕಿವಿಗೆ ಬೀಳದ ಬೈಗುಳ ಅದು. ಬೈದದ್ದು ನನಗೆ, ಹೇಳಿದ್ದು ಕಂಪ್ಯೂಟರಿನ ವಿಷಯ. ಆದರೆ ಅಲ್ಲಿದ್ದವರಿಗೆ ಅದೆಲ್ಲ ಏನು ಗೊತ್ತು? ದೊಡ್ಡಪ್ಪ ಯಾರೋ ಗದರಿದಂತೆ ಅಲ್ಲಿಯೇ ನಿಂತರು. ಲ್ಯಾಪ್‌ಟಾಪಿನ ಕಡೆ ನೋಡಿದರು, ಮಾತಿಲ್ಲದೆ ಕೂತ ಅತ್ತೆಯ ಕಡೆ ನೋಡಿದರು, ಆಮೇಲೆ ಮಡಚಿದ್ದ ಕುರ್ಚಿಯೊಂದನ್ನು ಬಿಡಿಸಿಕೊಂಡು ಕೂತರು. "ಆತ್ರಿ, ಹೇಳಿ ಬರ್ಲಿ" ಎಂದರು. ಅಳುತ್ತಿದ್ದ ಮಗಳು ಪಕ್ಕನೆ ನಕ್ಕಳು, ಮತ್ತೆ ಅತ್ತಳು. ಸೆರಗು ಸಿಕ್ಕಿಸಿಕೊಂಡು ಎದ್ದು ನಮ್ಮ ಕಡೆಯವರ ಒಬ್ಬೊಬ್ಬರ ಹತ್ತಿರವೂ ಹೋದಳು. ಅಡುಗೆಯವರಿಗೆ ಹೇಳಿದಳು. ಪಾತ್ರೆ ತೊಳೆಯುವವರ ಒದ್ದೆ ಕೈ ಹಿಡಿದಳು. ಕಂಬದ ಹಿಂದೆ ಹೋಗಿ ಅಪ್ಪನನ್ನು ಹುಡುಕಿದಳು. ನನ್ನ ಹತ್ತಿರ ಬಂದಾಗ ನಾನು ಏನೇನೋ ಹೇಳಬೇಕೆಂದಿದ್ದವಳು, "ಫೋನ್ ಚಾರ್ಜರ್ ಇಟ್ಕೊಂಡಿಯೇನು?" ಎಂದು ಕೇಳಿದೆ. ರಾಹುಕಾಲ ಬಂತೋ ಹೋಯಿತೋ, ಮುಂದಿನ ಮದುವೆಯವರು ಹೂವಿನ ಬುಟ್ಟಿ ಕೆಳಗಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದರು.

ಕೊನೆಗೆ ಮಗಳು ಅಜ್ಜಿಯ ಕಾಲಿಗೆ ಬಿದ್ದು, "ಬರ್ತೀನಜ್ಜಿ" ಎಂದಳು. ಅತ್ತೆ ಅವಳ ತಲೆಯ ಮೇಲೆ ಕೈಯಿಟ್ಟರು. ತುಟಿ ಮಾತ್ರ ಆಡಿಸಲಿಲ್ಲ. ಹಾಡಿನಲ್ಲಿ ಹೊಸ್ತಿಲು ಏನೂ ಹೇಳುವುದಿಲ್ಲ ಎಂಬುದು ನನಗೆ ಆಗ ನೆನಪಾಯಿತು. ಅವಳು ಕಾರು ಹತ್ತಿದ ಮೇಲೆ ನಾನು ಹೋಗಿ ಅತ್ತೆಯ ಪಕ್ಕದಲ್ಲಿ ಕೂತೆ, ಏಳಲು ನನಗೆ ಯಾವ ಅವಸರವೂ ಇರಲಿಲ್ಲ.